ಕೀಮೋ ನಂತರದ ಮರೆವು: ಬ್ರೇನ್ ಟ್ರೈನಿಂಗ್ ಆ್ಯಪ್ ಎಷ್ಟು ಸಹಾಯ ಮಾಡುತ್ತದೆ?

ಪ್ರಶ್ನೆ: ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಮತ್ತು ಕೀಮೋ ಮುಗಿದು ಎಂಟು ತಿಂಗಳಾಯಿತು. ನನ್ನದು ಲೆಕ್ಕಪತ್ರದ ಕೆಲಸ. ಮೊತ್ತ ಕೂಡುವಾಗ ಯಾರಾದರೂ ಮಾತಾಡಿಸಿದರೆ ಎಲ್ಲಿದ್ದೆ ಅನ್ನುವುದೇ ತಪ್ಪಿಹೋಗುತ್ತದೆ. ಗೊತ್ತಿರುವ ಪದ ನಾಲಿಗೆ ತುದಿಗೆ ಬಂದು ನಿಂತುಬಿಡುತ್ತದೆ. ಮೆಮೊರಿ ಟೆಸ್ಟ್ ಮಾಡಿಸಿದರೆ ‘ನಾರ್ಮಲ್’ ಅಂದರು. ಹಾಗಾದರೆ ಇದೆಲ್ಲ ನನ್ನ ಭ್ರಮೆಯೇ? ಆನ್‌ಲೈನ್ ಬ್ರೇನ್ ಟ್ರೈನಿಂಗ್‌ನಿಂದ ಉಪಯೋಗವಿದೆಯೇ?

ಉತ್ತರ: ಖಂಡಿತ ಭ್ರಮೆಯಲ್ಲ. ಅಮೆರಿಕದಲ್ಲಿ 581 ಸ್ತನ ಕ್ಯಾನ್ಸರ್ ರೋಗಿಗಳನ್ನು 364 ಆರೋಗ್ಯವಂತರ ಜೊತೆ ಹೋಲಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಕೀಮೋಗೆ ಮುಂಚಿನ ಸ್ಥಿತಿಗೆ ಹೋಲಿಸಿದರೆ, ಕೀಮೋ ಮುಗಿದು ಆರು ತಿಂಗಳಾದ ಮೇಲೂ ನೆನಪು, ಗಮನ ಕುಗ್ಗಿವೆ ಎಂದ ರೋಗಿಗಳು ಶೇ 36.5. ಅಷ್ಟೇ ಅವಧಿಯಲ್ಲಿ ಆರೋಗ್ಯವಂತರಲ್ಲಿ ಹಾಗೆ ಹೇಳಿದವರು ಶೇ 13.6 ಮಾತ್ರ.

ಟೆಸ್ಟ್ ನಾರ್ಮಲ್ ಬಂದದ್ದಕ್ಕೂ ಕಾರಣವಿದೆ. ಆ ಪರೀಕ್ಷೆ ನಡೆಯುವುದು ಸದ್ದಿಲ್ಲದ ಕೋಣೆಯಲ್ಲಿ, ಒಂದು ಸಲಕ್ಕೆ ಒಂದೇ ಕೆಲಸ ಕೊಟ್ಟು. ನಿಮ್ಮ ಮೇಜಿನ ಮೇಲೆ ಫೋನು, ಫೈಲು, ಪಕ್ಕದವರ ಮಾತು ಎಲ್ಲವೂ ಒಟ್ಟಿಗೆ ಬರುತ್ತವೆ. ಸಾಮಾನ್ಯವಾಗಿ ಪೆಟ್ಟು ಬೀಳುವುದು ಮಾಹಿತಿಯನ್ನು ಗ್ರಹಿಸುವ ವೇಗಕ್ಕೆ, ಗಮನಕ್ಕೆ, ಎರಡು ಕೆಲಸಗಳ ನಡುವೆ ಅತ್ತಿತ್ತ ಹೋಗಿಬರುವ ಶಕ್ತಿಗೆ. ಅದರ ಮೇಲೆ, ಮೊದಲು ಚುರುಕಾಗಿದ್ದವರು ಸ್ವಲ್ಪ ಇಳಿದರೂ ಪರೀಕ್ಷೆಯ ಸರಾಸರಿಯೊಳಗೇ ಇರುತ್ತಾರೆ. ಇಳಿದದ್ದು ಅವರಿಗೆ ಮಾತ್ರ ಗೊತ್ತಾಗುತ್ತದೆ.

ಇನ್ನು ಆ್ಯಪ್, ಅಂದರೆ ನೆನಪು, ಗಮನ ಚುರುಕಾಗಲೆಂದು ಮೊಬೈಲ್ ಅಥವಾ ಕಂಪ್ಯೂಟರಿನಲ್ಲಿ ಆಡುವ ಆಟಗಳ ವಿಚಾರ. ಆಸ್ಟ್ರೇಲಿಯಾದ ಒಂದು ಪ್ರಯೋಗದಲ್ಲಿ ಕೀಮೋ ಮುಗಿಸಿದ 242 ಮಂದಿ ಇದ್ದರು, ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಸ್ತನ ಕ್ಯಾನ್ಸರ್‌ನವರೇ. ಫಲಿತಾಂಶ ಪ್ರಕಟವಾದದ್ದು 2017ರಲ್ಲಿ. ವಾರಕ್ಕೆ 4 ಸಲ, 40 ನಿಮಿಷದಂತೆ 15 ವಾರ ಇಂಥ ಅಭ್ಯಾಸ ಮಾಡಲು ಅರ್ಧದಷ್ಟು ಮಂದಿಗೆ ಹೇಳಲಾಗಿತ್ತು. ದಿನನಿತ್ಯದಲ್ಲಿ ತಮಗೆ ಕಾಣುವ ತೊಂದರೆ ಕಡಿಮೆಯಾಯಿತು ಎಂದು ಅವರು ಹೇಳಿದರು. ಆರು ತಿಂಗಳ ನಂತರವೂ ಆ ಲಾಭ ಉಳಿದಿತ್ತು. ಆದರೆ ನೆನಪು, ಗಮನ ಅಳೆಯುವ ಪರೀಕ್ಷೆಗಳಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಡೆನ್ಮಾರ್ಕಿನಲ್ಲಿ 157 ಮಹಿಳೆಯರ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ ಮುಖ್ಯ ಪರೀಕ್ಷೆಯಲ್ಲಿ ಪ್ರಯೋಜನ ಕಾಣಲಿಲ್ಲ, ಪದಗಳನ್ನು ಕಲಿತು ನೆನಪಿಡುವಂಥ ಕೆಲವು ಬದಿಯ ಪರೀಕ್ಷೆಗಳಲ್ಲಿ ಕಂಡಿತು.

ಆದ್ದರಿಂದ ನಮ್ಮ ಮಾತು ಇಷ್ಟು: ಮಾಡಿ ನೋಡುವುದು ಒಳ್ಳೆಯದು, ಆದರೆ ಆಟದ ಸ್ಕೋರನ್ನು ನಂಬಬೇಡಿ, ನಿಮ್ಮ ಲೆಕ್ಕದ ಪುಸ್ತಕವನ್ನು ನಂಬಿ. ಯಾವ ಆಟವನ್ನೇ ಆಗಲಿ ದಿನಾ ಆಡಿದರೆ ಆ ಆಟದಲ್ಲಿ ಕೈ ಪಳಗುತ್ತದೆ. ಅದು ಕೆಲಸಕ್ಕೂ ಇಳಿದುಬರುತ್ತದೆಯೇ ಅನ್ನುವುದೇ ಪ್ರಶ್ನೆ. ‘ಮರೆವು ಗುಣವಾಗುತ್ತದೆ’ ಎಂಬ ಜಾಹೀರಾತಿಗೆ ಮರುಳಾಗಬೇಡಿ. 2016ರಲ್ಲಿ ಲುಮೋಸಿಟಿ ಎಂಬ ಬ್ರೇನ್ ಟ್ರೈನಿಂಗ್ ಆ್ಯಪ್‌ನ ಕಂಪನಿ, ಸಾಕಷ್ಟು ಪುರಾವೆ ಇಲ್ಲದ ಜಾಹೀರಾತಿನ ಆರೋಪದ ಮೇಲೆ, ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ಗೆ 20 ಲಕ್ಷ ಡಾಲರ್ ಕೊಟ್ಟು ಪ್ರಕರಣ ಮುಗಿಸಿಕೊಂಡಿತು. ಕೀಮೋದ ಅಡ್ಡಪರಿಣಾಮಕ್ಕೂ ಪರಿಹಾರ ಎನ್ನುವ ಮಾತು ಆ ಜಾಹೀರಾತುಗಳಲ್ಲಿತ್ತು.

ಪ್ರಶ್ನೆ: ಆ್ಯಪ್ ಹಾಕಿಕೊಂಡು ಒಂದು ತಿಂಗಳಾಯಿತು. ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಮಾಡುತ್ತೇನೆ. ಸ್ಕೋರ್ ಏರುತ್ತಿಲ್ಲ, ತಲೆನೋವು ಬೇರೆ. ಬಿಟ್ಟುಬಿಡಲೇ?

ಉತ್ತರ: ಬಿಡುವ ಮೊದಲು ಸಮಯ ಬದಲಿಸಿ. ಕೀಮೋ ನಂತರದ ಸುಸ್ತು ಸಂಜೆಯ ಹೊತ್ತಿಗೆ ಹೆಚ್ಚಾಗಿರುತ್ತದೆ. ಆಗ ಮಾಡಿದರೆ ಅಭ್ಯಾಸವೂ ಆಗುವುದಿಲ್ಲ, ಮನಸ್ಸೂ ಕುಗ್ಗುತ್ತದೆ. ಬೆಳಿಗ್ಗೆ ತಲೆ ಹಗುರಾಗಿರುವಾಗ ಕೂರಿ. 40 ನಿಮಿಷ ಒಂದೇ ಸಮನೆ ಆಗದಿದ್ದರೆ 20 ನಿಮಿಷದ ಎರಡು ಕಂತು ಮಾಡಿ. ಮೊದಲ ವಾರ ಒಂದೇ ಕಂತು ಸಾಕು.

ಎರಡನೆಯದು ಪರದೆ. ಗ್ರಹಿಸುವ ವೇಗ ಹೆಚ್ಚಿಸುವ ಒಂದು ವ್ಯಾಯಾಮ ಹೀಗಿರುತ್ತದೆ: ಪರದೆಯ ನಡುವೆ ಒಂದು ಚಿತ್ರ, ಅಂಚಿನಲ್ಲೆಲ್ಲೋ ಇನ್ನೊಂದು ಗುರುತು, ಎರಡೂ ಒಟ್ಟಿಗೆ ಮಿಂಚಿ ಮಾಯವಾಗುತ್ತವೆ. ನಡುವೆ ಬಂದ ಚಿತ್ರ ಯಾವುದು, ಅಂಚಿನ ಗುರುತು ಎಲ್ಲಿತ್ತು, ಎರಡನ್ನೂ ಹೇಳಬೇಕು. ಸರಿಯಾಗಿ ಹೇಳುತ್ತ ಹೋದಂತೆ ಚಿತ್ರ ನಿಲ್ಲುವ ಹೊತ್ತು ಕಡಿಮೆಯಾಗುತ್ತದೆ, ಗಮನ ತಪ್ಪಿಸುವ ಚಿತ್ರಗಳು ಹೆಚ್ಚಾಗುತ್ತವೆ. ಅಂಗೈಯಗಲದ ಮೊಬೈಲಿನಲ್ಲಿ ಅಂಚೂ ನಡುವೂ ಒಂದೇ ನೋಟಕ್ಕೆ ಬಿದ್ದುಬಿಡುತ್ತವೆ. ಲ್ಯಾಪ್‌ಟಾಪ್ ಅಥವಾ ಟ್ಯಾಬ್‌ನಲ್ಲಿ ಮಾಡಿ. ಶಬ್ದ ಗುರುತಿಸುವ ವ್ಯಾಯಾಮವಾದರೆ ಇಯರ್‌ಫೋನ್ ಹಾಕಿಕೊಳ್ಳಿ.

ಹಲವರ ಗಮನಕ್ಕೆ ಬಾರದ ಸಂಗತಿ ಬೆರಳಿನದು. ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಕೀಮೋ ಔಷಧಿಯಿಂದ ಬೆರಳ ತುದಿ ಜೋಮು ಹಿಡಿದಿದ್ದರೆ ಉತ್ತರ ಗೊತ್ತಿದ್ದರೂ ಒತ್ತುವುದು ತಡವಾಗುತ್ತದೆ. ಆ್ಯಪ್ ಅದನ್ನು ನಿಧಾನವೆಂದೇ ಲೆಕ್ಕ ಹಾಕುತ್ತದೆ. ಟಚ್‌ಸ್ಕ್ರೀನ್ ಬದಲು ಮೌಸ್ ಅಥವಾ ಕೀಬೋರ್ಡ್ ಬಳಸಿ ನೋಡಿ. ಪದಗಳ ಆಟವೆಲ್ಲ ಇಂಗ್ಲಿಷಿನಲ್ಲಿದ್ದು ನಿಮಗೆ ಆ ಭಾಷೆ ಅಷ್ಟು ಬಳಕೆಯಲ್ಲಿಲ್ಲದಿದ್ದರೆ ಅಲ್ಲಿ ಅಳತೆಯಾಗುವುದು ನಿಮ್ಮ ಇಂಗ್ಲಿಷ್. ಚಿತ್ರ, ಸಂಖ್ಯೆ, ಜಾಗ ನೆನಪಿಡುವ ವ್ಯಾಯಾಮಗಳನ್ನೇ ಆರಿಸಿಕೊಳ್ಳಿ.

ಇನ್ನು ಸ್ಕೋರ್ ನಿಂತಿರುವುದು. ಒಳ್ಳೆಯ ಪ್ರೋಗ್ರಾಂಗಳು ನೀವು ಗೆದ್ದಂತೆ ಕಷ್ಟ ಏರಿಸುತ್ತವೆ, ಸೋತರೆ ಇಳಿಸುತ್ತವೆ. ಹಾಗಾಗಿ ಆಗಾಗ ತಪ್ಪುವುದು ಸಹಜ, ತಪ್ಪಬೇಕು ಕೂಡ. ಎಲ್ಲ ಉತ್ತರವೂ ಸರಿಯಾಗುತ್ತಿದ್ದರೆ ಆ ಮಟ್ಟ ನಿಮಗೆ ತೀರಾ ಸುಲಭ ಎಂದರ್ಥ.

ಪ್ರಯೋಜನ ಅಳೆಯಲು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ನಿಮಗೆ ನಿಜಕ್ಕೂ ತೊಡಕಾಗುವ ಮೂರೇ ಸಂಗತಿ ಬರೆಯಿರಿ. ಉದಾಹರಣೆಗೆ, ಓದಿದ ಪುಟವನ್ನು ಮತ್ತೆ ಓದಬೇಕಾಗಿ ಬಂದದ್ದು, ಹೆಸರು ನೆನಪಾಗದ್ದು, ಅರ್ಧಕ್ಕೆ ಬಿಟ್ಟ ಕೆಲಸ. ಪ್ರತಿ ಭಾನುವಾರ ಒಂದೊಂದಕ್ಕೂ 0ಯಿಂದ 10ರೊಳಗೆ ಅಂಕ ಕೊಡಿ, ಆ ವಾರದ ನಿದ್ದೆ ಹೇಗಿತ್ತೆಂದು ಪಕ್ಕದಲ್ಲೇ ಬರೆಯಿರಿ. 12ರಿಂದ 15 ವಾರ ನಿಯಮಿತವಾಗಿ ಮಾಡಿಯೂ ಆ ಅಂಕ ಕದಲದಿದ್ದರೆ ನಿಲ್ಲಿಸಿ, ಆ ಸಮಯವನ್ನು ನಡಿಗೆಗೆ ಕೊಡಿ. ಹಣ ಕಟ್ಟುವ ಆ್ಯಪ್ ಆದರೆ ಆಟೋ ರಿನ್ಯೂವಲ್ ಆಫ್ ಮಾಡಲು ಮರೆಯಬೇಡಿ. ತಲೆನೋವು ಪರದೆ ನೋಡುವಾಗ ಮಾತ್ರ ಬಂದರೆ ಕಣ್ಣು ಪರೀಕ್ಷೆ ಮಾಡಿಸಿ. ಬೇರೆ ಹೊತ್ತಿನಲ್ಲೂ ಬರುತ್ತಿದ್ದರೆ ಕ್ಯಾನ್ಸರ್ ವೈದ್ಯರಿಗೆ ಹೇಳಲೇಬೇಕು.

ಪ್ರಶ್ನೆ: ನನ್ನ ಹೆಂಡತಿಗೆ 58 ವರ್ಷ. ಕೀಮೋ ಮುಗಿದು ಹಾರ್ಮೋನ್ ಮಾತ್ರೆ ನಡೆಯುತ್ತಿದೆ. ದಿನಕ್ಕೆ ಎರಡು ಗಂಟೆ ಬ್ರೇನ್ ಗೇಮ್ ಆಡಿದರೂ ಒಲೆ ಆರಿಸುವುದು ಮರೆಯುತ್ತಾಳೆ. ಆ ಮಾತ್ರೆ ನಿಲ್ಲಿಸಿದರೆ ಸರಿಹೋದೀತೇ?

ಉತ್ತರ: ದಯವಿಟ್ಟು ನೀವಾಗಿ ನಿಲ್ಲಿಸಬೇಡಿ. ಕ್ಯಾನ್ಸರ್ ಮರುಕಳಿಸದಂತೆ ಕಾಯುವ ಮಾತ್ರೆ ಅದು. ಅದರಿಂದಲೇ ಮರೆವು ಅನಿಸಿದರೆ ವೈದ್ಯರಿಗೆ ಹೇಳಿ, ಬೇರೆ ಮಾತ್ರೆಗೆ ಬದಲಿಸಬಹುದೇ ಎಂದು ಅವರು ನೋಡುತ್ತಾರೆ. ಅದಕ್ಕೂ ಮುಂಚೆ ಹಿಮೋಗ್ಲೋಬಿನ್, ಥೈರಾಯ್ಡ್, ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ರಾತ್ರಿ ಮೈ ಬಿಸಿಯೇರಿ ಎಚ್ಚರವಾಗುತ್ತದೆಯೇ, ನಿದ್ದೆ ಮಾತ್ರೆ ಅಥವಾ ನೋವಿನ ಮಾತ್ರೆ ನಡೆಯುತ್ತಿದೆಯೇ, ಮನಸ್ಸು ಕುಗ್ಗಿದೆಯೇ ಎಂದು ನಿಮ್ಮ ಹೆಂಡತಿಯನ್ನೇ ಕೇಳಿ. ಇವೆಲ್ಲವೂ ಮರೆವನ್ನು ಹೆಚ್ಚಿಸುತ್ತವೆ, ಬಹುಪಾಲು ಚಿಕಿತ್ಸೆಗೆ ಬಗ್ಗುವಂಥವು.

ಒಲೆಯ ವಿಷಯಕ್ಕೆ ಆ್ಯಪ್ ಫಲ ಕೊಡಲಿ ಎಂದು ಕಾಯಬಾರದು, ಅದು ಅಪಾಯದ ಮಾತು. ಒಲೆ ಹಚ್ಚಿದ ಕೂಡಲೇ ಟೈಮರ್ ಒತ್ತುವ ಅಭ್ಯಾಸವಾಗಲಿ. ಟೈಮರ್ ಅವರ ಜೊತೆಗೇ ಇರಲಿ, ಅಡುಗೆಮನೆಯಲ್ಲಿ ಬಿಟ್ಟುಬಂದರೆ ಕೇಳಿಸುವುದಿಲ್ಲ. ಹೊರಡುವಾಗ ‘ಒಲೆ ಆರಿಸಿದೆ’ ಎಂದು ಬಾಯಿಬಿಟ್ಟು ಹೇಳಿಕೊಳ್ಳಲಿ, ಕಿವಿಗೆ ಬಿದ್ದ ಮಾತು ಹೆಚ್ಚು ನೆನಪಿರುತ್ತದೆ. ದಿನಕ್ಕೆ ಎರಡು ಗಂಟೆಯ ಆಟವನ್ನು 40 ನಿಮಿಷಕ್ಕಿಳಿಸಿ, ಉಳಿದುದರಲ್ಲಿ ಅರ್ಧ ಗಂಟೆ ಇಬ್ಬರೂ ನಡೆಯಿರಿ. ವಾರಕ್ಕೆ 5 ದಿನ ಹಾಗೆ ಮಾಡಿದರೆ ವೈದ್ಯರು ಹೇಳುವ ವಾರದ 150 ನಿಮಿಷದ ವ್ಯಾಯಾಮ ತುಂಬುತ್ತದೆ.

ಒಂದು ಎಚ್ಚರಿಕೆ. ಕೀಮೋ ಮರೆವು ದಿಢೀರನೆ ಏರುವುದಿಲ್ಲ. ಒಂದೆರಡು ದಿನದಲ್ಲೇ ಗೊಂದಲ ಹೆಚ್ಚಾದರೆ, ವಾಂತಿಯೊಂದಿಗೆ ತಲೆನೋವು, ಮಾತು ತೊದಲುವುದು, ಒಂದು ಕೈ ಅಥವಾ ಕಾಲಿನಲ್ಲಿ ಬಲವಿಲ್ಲದಿರುವುದು, ಫಿಟ್ಸ್ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಅಕ್ಕನಿಗೆ ಮುಂದಿನ ವಾರ ಕೀಮೋ ಶುರು. ಈಗಿನಿಂದಲೇ ಬ್ರೇನ್ ಟ್ರೈನಿಂಗ್ ಮಾಡಿಸಿದರೆ ಮರೆವು ಬರದಂತೆ ತಡೆಯಬಹುದೇ?

ಉತ್ತರ: ತಡೆಯಬಹುದು ಎನ್ನುವಷ್ಟು ಪುರಾವೆ ಇಲ್ಲ. ಮೇಲೆ ಹೇಳಿದ ಆಸ್ಟ್ರೇಲಿಯಾದ ಪ್ರಯೋಗದಲ್ಲಿದ್ದವರೆಲ್ಲ ಕೀಮೋ ಮುಗಿದು ಕನಿಷ್ಠ ಆರು ತಿಂಗಳಾದವರು. ಅಕ್ಕನಿಗೆ ಆಟ ಇಷ್ಟವಾದರೆ ಆಡಲಿ, ನೀವು ಒತ್ತಾಯ ಮಾಡಬೇಡಿ. ಈಗ ಮಾಡಬೇಕಾದದ್ದು ಬೇರೆ: ಅವರಿಗೆ ಈಗಾಗಲೇ ನಿದ್ದೆಯ, ಗಮನದ ತೊಂದರೆ ಇದ್ದರೆ ಬರೆದು ಕೀಮೋಗೆ ಮುಂಚೆಯೇ ವೈದ್ಯರಿಗೆ ಕೊಡಿ. ಕೆಲವರಲ್ಲಿ ಈ ತೊಂದರೆ ಕೀಮೋಗೆ ಮೊದಲೇ ಇರುತ್ತದೆ. ಆ ಬರಹ ಕೈಯಲ್ಲಿದ್ದರೆ ಮುಂದೆ ಹೋಲಿಸಲು ಆಗುತ್ತದೆ. ಮಾತ್ರೆಯ ವೇಳೆ, ಅಪಾಯಿಂಟ್‌ಮೆಂಟ್, ವೈದ್ಯರಿಗೆ ಕೇಳಬೇಕಾದ ಪ್ರಶ್ನೆ ಎಲ್ಲವೂ ಒಂದೇ ಪುಸ್ತಕದಲ್ಲಿರಲಿ, ವೈದ್ಯರ ಬಳಿ ಹೋದಾಗ ಬರೆದುಕೊಳ್ಳುವ ಕೆಲಸ ನಿಮ್ಮದಾಗಲಿ.