ನಿಷೇಧ ಮುಗಿಸಿ ಬಂದ ಅಥ್ಲೀಟ್‌ಗೆ ಪೌರತ್ವ ಕೊಟ್ಟು ಆಡಿಸಬಹುದೇ?

ನೀವು ಕೇಳಿರುವುದು ಇಷ್ಟು: ಉದ್ದೀಪನ ಮದ್ದು ಸೇವಿಸಿ ಸಿಕ್ಕಿಬಿದ್ದು, ನಿಷೇಧದ ಅವಧಿ ಮುಗಿಸಿದ ಅಥ್ಲೀಟ್‌ಗೆ ಇನ್ನೊಂದು ದೇಶ ಪೌರತ್ವ ಕೊಟ್ಟು ತನ್ನ ತಂಡದಲ್ಲಿ ಆಡಿಸುವುದು ಸರಿಯೇ? ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಉತ್ತರಿಸಲು ನನಗೆ ಮನಸ್ಸಿಲ್ಲ. ಶಿಕ್ಷೆ ಮುಗಿಸಿದವರು ಮತ್ತೆ ಕಣಕ್ಕಿಳಿಯುವುದು ಅವರ ಹಕ್ಕು, ಅದನ್ನು ಯಾರೂ ಕಿತ್ತುಕೊಳ್ಳಬಾರದು. ಆದರೆ ಪದಕದ ಆಸೆಗೆ ವಾಸದ ಷರತ್ತು, ಭಾಷೆಯ ಪರೀಕ್ಷೆ ಎಲ್ಲವನ್ನೂ ಬದಿಗಿಟ್ಟು ಕೊಡುವ ವಿಶೇಷ ಪೌರತ್ವ ಯಾರ ಹಕ್ಕೂ ಅಲ್ಲ. ಅದು ದೇಶ ಕೊಡುವ ಕೊಡುಗೆ. ಬೇಕೆಂದೇ ಮದ್ದು ಹಾಕಿಕೊಂಡವರಿಗೆ ಆ ಕೊಡುಗೆ ಸಲ್ಲಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮದುವೆಯಾಗಿಯೋ ವರ್ಷಗಟ್ಟಲೆ ನೆಲೆಸಿಯೋ ಎಲ್ಲರಂತೆ ಸಾಲಿನಲ್ಲಿ ನಿಂತು ಪೌರತ್ವ ಪಡೆಯುವವರ ವಿಷಯ ಬೇರೆ. ಅವರಿಗೆ ಹಳೆಯ ಕ್ರೀಡಾ ನಿಷೇಧ ಅಡ್ಡಿಯಾಗಕೂಡದು.

ಪಾಸ್‌ಪೋರ್ಟ್ ಬದಲಾದರೆ ನಿಷೇಧವೂ ಕಳಚಿಬೀಳುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ಸಂಹಿತೆಯ 15ನೇ ವಿಧಿಯ ಪ್ರಕಾರ ಒಂದು ಸಂಸ್ಥೆ ಹಾಕಿದ ನಿಷೇಧ, ಸಂಹಿತೆಗೆ ಸಹಿ ಹಾಕಿದ ಎಲ್ಲ ಸಂಸ್ಥೆಗಳಿಗೂ ತಾನಾಗಿಯೇ ಅನ್ವಯಿಸುತ್ತದೆ. ನಿಷೇಧದ ನಡುವೆ ಹೊಸ ದೇಶದ ಪರ ಒಂದೇ ಒಂದು ಓಟ ಓಡಿದರೂ ಆ ಫಲಿತಾಂಶ ರದ್ದು. ಮೇಲಿಂದ, ಮೂಲ ನಿಷೇಧದಷ್ಟೇ ಉದ್ದದ ಇನ್ನೊಂದು ನಿಷೇಧ ಕೊನೆಗೆ ಸೇರಿಕೊಳ್ಳಬಹುದು. ತಂಡದ ಜೊತೆ ಅಭ್ಯಾಸಕ್ಕೆ ಮರಳಲು ಅವಕಾಶ ಇರುವುದು ಕೊನೆಯ ಎರಡು ತಿಂಗಳು ಅಥವಾ ಒಟ್ಟು ಅವಧಿಯ ಕೊನೆಯ ಕಾಲುಭಾಗ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಎರಡು ವರ್ಷದ ನಿಷೇಧಕ್ಕೆ ಎರಡು ತಿಂಗಳು, ನಾಲ್ಕು ತಿಂಗಳ ನಿಷೇಧಕ್ಕೆ ಒಂದೇ ತಿಂಗಳು. ಆತುರದ ಕ್ರೀಡಾ ಒಕ್ಕೂಟಗಳು ಎಡವುವುದು ಇಲ್ಲೇ. ನಿಷೇಧ ಇನ್ನೂ ಮುಗಿಯದೆ, ಪೌರತ್ವದ ಕಾಗದ ಓಡಾಡುತ್ತಿರುವಾಗಲೇ ಅಥ್ಲೀಟನ್ನು ಕರೆಸಿ ರಾಷ್ಟ್ರೀಯ ಶಿಬಿರದಲ್ಲಿ ಇಟ್ಟುಕೊಂಡರೆ ಅದೇ ಒಂದು ಉಲ್ಲಂಘನೆ.

ಹಳೆಯ ದಾಖಲೆಯೂ ಬೆನ್ನು ಬಿಡುವುದಿಲ್ಲ. ಹತ್ತು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಅದು ಎರಡನೇ ಅಪರಾಧವೆಂದೇ ಲೆಕ್ಕ, ಶಿಕ್ಷೆ ಬಹಳ ಹೆಚ್ಚುತ್ತದೆ. ಮೂರನೆಯದಕ್ಕೆ ಸಾಮಾನ್ಯವಾಗಿ ಆಜೀವ ನಿಷೇಧ. ಬೇರೆ ಧ್ವಜದಡಿ ಬಂದ ಮಾತ್ರಕ್ಕೆ ಎಣಿಕೆ ಸೊನ್ನೆಯಿಂದ ಶುರುವಾಗುವುದಿಲ್ಲ.

ಹಾಗಿದ್ದರೆ, ಒಮ್ಮೆ ಮದ್ದು ಸೇವಿಸಿದವರನ್ನು ಶಾಶ್ವತವಾಗಿ ಹೊರಗಿಡಬಾರದೇಕೆ? ಈ ಪ್ರಯತ್ನಗಳು ಆಗಿಹೋಗಿವೆ. ಆರು ತಿಂಗಳಿಗಿಂತ ಹೆಚ್ಚಿನ ನಿಷೇಧ ಅನುಭವಿಸಿದವರು ಮುಂದಿನ ಒಲಿಂಪಿಕ್ಸ್‌ನಲ್ಲಿ ಆಡುವಂತಿಲ್ಲ ಎಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2008ರಲ್ಲಿ 'ಒಸಾಕಾ ನಿಯಮ' ತಂದಿತ್ತು. 400 ಮೀಟರ್ ಓಟಗಾರ ಲಾಶಾನ್ ಮೆರಿಟ್ ಪ್ರಕರಣದ ಹಿನ್ನೆಲೆಯಲ್ಲಿ ಕ್ರೀಡಾ ನ್ಯಾಯ ಮಂಡಳಿ 2011ರ ಅಕ್ಟೋಬರ್‌ನಲ್ಲಿ ಅದನ್ನು ತಳ್ಳಿಹಾಕಿತು. ಸಂಹಿತೆಯಲ್ಲಿ ಇಲ್ಲದ ಹೆಚ್ಚುವರಿ ಶಿಕ್ಷೆಯನ್ನು ಹಿಂಬಾಗಿಲಿನಿಂದ ಸೇರಿಸುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು. ಇದೇ ತರ್ಕದ ಮೇಲೆ 2012ರಲ್ಲಿ ಬ್ರಿಟಿಷ್ ಒಲಿಂಪಿಕ್ ಸಂಸ್ಥೆಯ ಆಜೀವ ನಿಷೇಧದ ನಿಯಮವೂ ಬಿದ್ದುಹೋಯಿತು. ಹಿಂದೆ ನಿಷೇಧ ಅನುಭವಿಸಿದ್ದ ಓಟಗಾರ ಡ್ವೇನ್ ಚೇಂಬರ್ಸ್ ಮತ್ತು ಸೈಕ್ಲಿಸ್ಟ್ ಡೇವಿಡ್ ಮಿಲ್ಲರ್ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದರು. ಈ ತೀರ್ಪುಗಳು ಸರಿಯಾಗಿವೆ ಎಂದೇ ನಾನು ನಂಬುತ್ತೇನೆ. ಒಂದೇ ತಪ್ಪಿಗೆ ಒಂದು ದೇಶದಲ್ಲಿ ಎರಡು ವರ್ಷ, ಇನ್ನೊಂದರಲ್ಲಿ ಜೀವಮಾನವಿಡೀ ಶಿಕ್ಷೆ ಎಂದರೆ ಅದು ನ್ಯಾಯವೆನಿಸದು.

ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುವುದು ದಕ್ಷಿಣ ಕೊರಿಯಾದ ಉದಾಹರಣೆ. ಕೀನ್ಯಾದ ಮ್ಯಾರಥಾನ್ ಓಟಗಾರ ವಿಲ್ಸನ್ ಎರುಪೆ ಇಪಿಒ ಎಂಬ ರಕ್ತಕಣ ಹೆಚ್ಚಿಸುವ ಮದ್ದಿನ ಪ್ರಕರಣದಲ್ಲಿ ಎರಡು ವರ್ಷ ನಿಷೇಧ ಅನುಭವಿಸಿದ್ದರು. ಮಲೇರಿಯಾ ಚಿಕಿತ್ಸೆಯಿಂದ ಹಾಗಾಯಿತು ಎಂಬುದು ಅವರ ಸಮಜಾಯಿಷಿ. ಮರಳಿ ಬಂದು 2016ರಲ್ಲಿ ಸೋಲ್ ಮ್ಯಾರಥಾನನ್ನು 2 ಗಂಟೆ 5 ನಿಮಿಷ 13 ಸೆಕೆಂಡಿನಲ್ಲಿ ಗೆದ್ದರು. ಅದೇ ವರ್ಷ ವಿಶೇಷ ಪೌರತ್ವದ ಕೋರಿಕೆ ಬಂದಾಗ, ಡೋಪಿಂಗ್ ಇತಿಹಾಸ ಮುಂದಿಟ್ಟು ಕೊರಿಯಾದ ಒಲಿಂಪಿಕ್ ಸಮಿತಿ ಶಿಫಾರಸು ಮಾಡಲು ಒಪ್ಪಲಿಲ್ಲ. 2018ರಲ್ಲಿ ಪೌರತ್ವ ಸಿಕ್ಕಿತು. ಓ ಜೂ-ಹಾನ್ ಎಂಬ ಹೊಸ ಹೆಸರಿನಲ್ಲಿ ಟೋಕಿಯೊ ಒಲಿಂಪಿಕ್ಸ್ ಮ್ಯಾರಥಾನ್ ಓಡಿದ ಅವರು ತೊಡೆಯ ನೋವಿನಿಂದ ಅರ್ಧದಲ್ಲೇ ನಿಂತುಬಿಟ್ಟರು.

ಇದರ ಪಕ್ಕದಲ್ಲಿ ಅದೇ 2016ರ ಇನ್ನೊಂದು ಪ್ರಕರಣ ಇಟ್ಟು ನೋಡಿ. ಕೊರಿಯಾದ್ದೇ ಈಜುಗಾರ ಪಾರ್ಕ್ ಟೇ-ಹ್ವಾನ್ ಟೆಸ್ಟೋಸ್ಟೆರೋನ್ ಎಂಬ ಸ್ಟೆರಾಯ್ಡ್‌ನ ಪ್ರಕರಣದಲ್ಲಿ 18 ತಿಂಗಳ ನಿಷೇಧ ಮುಗಿಸಿದ್ದರು. ನಿಷೇಧ ಮುಗಿದ ಮೇಲೂ ಮೂರು ವರ್ಷ ರಾಷ್ಟ್ರೀಯ ತಂಡಕ್ಕೆ ಸೇರಿಸಿಕೊಳ್ಳುವಂತಿಲ್ಲ ಎಂಬ ದೇಶೀಯ ನಿಯಮ ಅವರಿಗೆ ಅಡ್ಡ ಬಂತು. ಕ್ರೀಡಾ ನ್ಯಾಯ ಮಂಡಳಿ ಪಾರ್ಕ್ ಪರ ನಿಂತಿತು, ಅವರು ರಿಯೊದಲ್ಲಿ ಈಜಿದರು. ನಾನು ಹೇಳುತ್ತಿರುವ ವ್ಯತ್ಯಾಸ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಪಾರ್ಕ್ ಆಗಲೇ ಆ ದೇಶದ ಪ್ರಜೆ, ಅವರಿಂದ ಕಸಿದದ್ದು ಇದ್ದ ಹಕ್ಕನ್ನು. ಎರುಪೆಗೆ 2016ರಲ್ಲಿ ಸಿಗದೆ ಹೋದದ್ದು ಒಂದು ಕೊಡುಗೆ. ಕೀನ್ಯಾದ ಪರ ಓಡುವ ಬಾಗಿಲು ಅವರಿಗೆ ಮುಚ್ಚಿರಲಿಲ್ಲ.

ಇನ್ನು ಯಾವ ಮದ್ದು ಎಂಬ ಪ್ರಶ್ನೆ. ಚರ್ಚೆಗಳಲ್ಲಿ ಇದನ್ನು ಹಾರಿಸಿಬಿಡುತ್ತಾರೆ, ನನಗೆ ಬೇಸರ ತರಿಸುವುದು ಅದೇ. ಇಪಿಒ ಕೆಂಪು ರಕ್ತಕಣಗಳ ಉತ್ಪಾದನೆ ಹೆಚ್ಚಿಸುತ್ತದೆ. ಒಂದು ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಹಾಗಾಗಿ ಮದ್ದು ನಿಲ್ಲಿಸಿದ ಕೆಲವು ತಿಂಗಳಲ್ಲಿ ರಕ್ತದಲ್ಲಿನ ಲಾಭ ಕರಗಿಹೋಗುತ್ತದೆ. ಆ ಲಾಭವಿದ್ದಾಗ ಮಾಡಿದ ಕಠಿಣ ಅಭ್ಯಾಸದ ಫಲ ಸ್ವಲ್ಪ ಉಳಿಯಬಹುದು, ಅಷ್ಟೆ. ಸ್ಟೆರಾಯ್ಡ್ ಹಾಗಲ್ಲ. ಸ್ನಾಯು ಬೆಳೆಯುವಾಗ ಅದರ ನಾರಿನೊಳಗೆ ಹೊಸ ಕೋಶಕೇಂದ್ರಗಳು ಸೇರುತ್ತವೆ. ಮದ್ದು ನಿಂತು ಸ್ನಾಯು ಸೊರಗಿದರೂ ಆ ಕೇಂದ್ರಗಳು ಉಳಿದುಬಿಡುತ್ತವೆ. ಓಸ್ಲೊ ವಿಶ್ವವಿದ್ಯಾಲಯದ ತಂಡ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳಿಗೆ ಎರಡು ವಾರ ಟೆಸ್ಟೋಸ್ಟೆರೋನ್ ಕೊಟ್ಟು, ಮೂರು ತಿಂಗಳು ನಿಲ್ಲಿಸಿ, ಬಳಿಕ ಸ್ನಾಯುವಿನ ಮೇಲೆ ಭಾರ ಹೆಚ್ಚಿಸಿದರು. ಮದ್ದು ಕಂಡಿದ್ದ ಇಲಿಗಳ ಸ್ನಾಯು ಆರೇ ದಿನಗಳಲ್ಲಿ ಸುಮಾರು ಶೇ 30ರಷ್ಟು ಬೆಳೆಯಿತು. ಮದ್ದು ಕಾಣದವುಗಳಲ್ಲಿ ಅಂಥ ಬೆಳವಣಿಗೆ ಕಾಣಲಿಲ್ಲ. ಇಲಿಯಿಂದ ಮನುಷ್ಯನಿಗೆ ನೇರವಾಗಿ ಲೆಕ್ಕ ಹಾಕುವಂತಿಲ್ಲ. ಆದರೂ ಇಲಿಯ ಮೂರು ತಿಂಗಳು ಅದರ ಆಯುಸ್ಸಿನಲ್ಲಿ ಸಣ್ಣ ಪಾಲೇನಲ್ಲ. ಆದ್ದರಿಂದ ಎಸೆತ, ಭಾರ ಎತ್ತುವಿಕೆ, ಕಡಿಮೆ ದೂರದ ಓಟಗಳಲ್ಲಿ ದೀರ್ಘಕಾಲ ಸ್ಟೆರಾಯ್ಡ್ ಬಳಸಿದವರಿಗೆ ವಿಶೇಷ ಪೌರತ್ವ ಕೊಡುವ ವಿಚಾರದಲ್ಲಿ ನಾನು ಇನ್ನಷ್ಟು ಬಿಗಿ.

ಅರ್ಜಿ ಪರಿಶೀಲಿಸುವ ಒಕ್ಕೂಟ ಪತ್ರಿಕಾ ವರದಿ ನೋಡಿ ನಿರ್ಧರಿಸಬಾರದು. ಪೂರ್ಣ ತೀರ್ಪಿನ ಪ್ರತಿ ತರಿಸಿಕೊಳ್ಳಬೇಕು. ನಿಷೇಧದ ಉದ್ದವೊಂದೇ ನೋಡಿದರೆ ಮೋಸ ಹೋಗುತ್ತೀರಿ. ಮೂರು ವರ್ಷದ ನಿಷೇಧ ಸೌಮ್ಯವಾಗಿ ಕಾಣುತ್ತದೆ. ಆದರೆ ಈಗಿನ ಸಂಹಿತೆಯಲ್ಲಿ ನಾಲ್ಕು ವರ್ಷದ ನಿಷೇಧ ಕೋರುವ ಆರೋಪಪಟ್ಟಿ ಬಂದ 20 ದಿನದೊಳಗೆ ತಪ್ಪೊಪ್ಪಿಕೊಂಡು ಶಿಕ್ಷೆ ಸ್ವೀಕರಿಸಿದರೆ ಒಂದು ವರ್ಷ ಕಡಿತ ಸಿಗುತ್ತದೆ. ಅಂದರೆ ಅಂಥ ಮೂರು ವರ್ಷದ ಹಿಂದೆ ಇರುವುದು ನಾಲ್ಕು ವರ್ಷದ ಅಪರಾಧ. ಮತ್ತೊಂದು ತುದಿಯಲ್ಲಿ, ಸ್ಪರ್ಧೆಯ ಹೊರಗೆ, ಆಟಕ್ಕೆ ಸಂಬಂಧವಿಲ್ಲದೆ ಗಾಂಜಾ ಅಥವಾ ಕೊಕೇನ್ ಬಳಸಿದವರಿಗೆ ಮೂರು ತಿಂಗಳು, ಚಿಕಿತ್ಸೆ ಮುಗಿಸಿದರೆ ಒಂದೇ ತಿಂಗಳು. ಇವೆರಡನ್ನೂ 'ಡೋಪಿಂಗ್ ಹಿನ್ನೆಲೆ' ಎಂಬ ಒಂದೇ ಖಾನೆಗೆ ತುಂಬುವುದು ಅನ್ಯಾಯ. ಕಲಬೆರಕೆ ಪೂರಕ ಆಹಾರದಿಂದ ಸಿಕ್ಕಿಬಿದ್ದು, ಅದನ್ನು ಸಾಬೀತುಪಡಿಸಿ ಕಡಿಮೆ ಶಿಕ್ಷೆ ಪಡೆದವರಿಗೆ ನಾನು ಬಾಗಿಲು ಮುಚ್ಚುವುದಿಲ್ಲ. ಮಾದರಿ ತಿರುಚಿದವರು, ಪರೀಕ್ಷಕರಿಂದ ತಪ್ಪಿಸಿಕೊಂಡವರು, ಮದ್ದು ಮಾರಿದವರಿಗೆ ಮುಚ್ಚುತ್ತೇನೆ. ಇಟಲಿ, ಜರ್ಮನಿಯಂಥ ದೇಶಗಳಲ್ಲಿ ಡೋಪಿಂಗ್ ಕ್ರಿಮಿನಲ್ ಅಪರಾಧವೂ ಹೌದು, ಆದ್ದರಿಂದ ನ್ಯಾಯಾಲಯದ ದಾಖಲೆಯನ್ನೂ ಕೇಳಬೇಕು.

ತೀರ್ಪಿನ ಜೊತೆಗೆ ಅಥ್ಲೀಟ್‌ನ ಒಪ್ಪಿಗೆ ಪಡೆದು ಜೈವಿಕ ಪಾಸ್‌ಪೋರ್ಟ್ (ಕಾಲಕಾಲಕ್ಕೆ ನಡೆದ ಪರೀಕ್ಷೆಗಳ ಅಂಕಿಗಳ ಸರಣಿ) ದಾಖಲೆ ತರಿಸಿ, ತಜ್ಞರಿಂದ ಓದಿಸಬೇಕು. ಅವರು ಮುಖ್ಯವಾಗಿ ನೋಡುವುದು ಹಿಮೋಗ್ಲೋಬಿನ್ ಮತ್ತು ಎಳೆಯ ಕೆಂಪು ಕಣಗಳ ಶೇಕಡಾವಾರು ಪ್ರಮಾಣ. ಇಪಿಒ ತೆಗೆದುಕೊಂಡು ನಿಲ್ಲಿಸಿದಾಗ ಹಿಮೋಗ್ಲೋಬಿನ್ ಇನ್ನೂ ಮೇಲೆ ಇರುತ್ತದೆ, ಆದರೆ ದೇಹ ತನ್ನ ಉತ್ಪಾದನೆ ತಗ್ಗಿಸಿರುವುದರಿಂದ ಎಳೆಯ ಕಣಗಳು ಕುಸಿದಿರುತ್ತವೆ. ಒಂದು ಏರಿ ಇನ್ನೊಂದು ಇಳಿದ ಈ ಜೋಡಿ ದೊಡ್ಡ ಸ್ಪರ್ಧೆಯ ಹೊತ್ತಿಗೆ ಸರಿಯಾಗಿ ಕಂಡರೆ ಸಂಶಯ ಸಹಜ. ಎತ್ತರದ ಪ್ರದೇಶದ ಅಭ್ಯಾಸವೂ ಈ ಅಂಕಿಗಳನ್ನು ಅಲುಗಿಸುತ್ತದೆ. ಹಾಗಾಗಿ ಅಥ್ಲೀಟ್ ಯಾವಾಗ ಎಲ್ಲಿದ್ದ ಎಂಬ ವಿವರವಿಲ್ಲದೆ ಅಂಕಿ ಓದಿದರೆ ನಿರಪರಾಧಿಯ ತಲೆಗೆ ಕಳಂಕ ಕಟ್ಟಿದಂತಾಗುತ್ತದೆ.

ಪೌರತ್ವ ಸಿಕ್ಕ ಮಾತ್ರಕ್ಕೆ ಆಡಲು ಅರ್ಹತೆ ಬರುವುದಿಲ್ಲ, ಇದನ್ನೂ ಹೇಳಬೇಕು. ಒಲಿಂಪಿಕ್ ಸನದಿನ ಪ್ರಕಾರ ಹಿಂದಿನ ದೇಶದ ಪರ ಕೊನೆಯ ಬಾರಿ ಆಡಿ ಮೂರು ವರ್ಷ ಕಳೆದಿರಬೇಕು. ಸಂಬಂಧಪಟ್ಟ ಸಂಸ್ಥೆಗಳು ಒಪ್ಪಿದರೆ ಇದನ್ನು ಕಡಿಮೆ ಮಾಡಬಹುದು. ಅಥ್ಲೆಟಿಕ್ಸ್‌ನಲ್ಲಿ 2017ರಲ್ಲಿ ದೇಶ ಬದಲಾವಣೆಯನ್ನೇ ತಡೆಹಿಡಿದು, 2018ರಲ್ಲಿ ಹೊಸ ನಿಯಮ ತಂದರು: ಮೂರು ವರ್ಷ ಕಾಯಬೇಕು, 20 ವರ್ಷ ತುಂಬಿರಬೇಕು, ಒಂದೇ ಸಲ ಬದಲಾಯಿಸಬಹುದು, ಸಿಕ್ಕಿರುವ ಪೌರತ್ವ ಪೂರ್ಣ ಹಕ್ಕುಗಳಿರುವ ನಿಜವಾದ ಪೌರತ್ವವಾಗಿರಬೇಕು. ನಾನು ಇದಕ್ಕೆ ಒಂದು ಸಾಲು ಸೇರಿಸುತ್ತಿದ್ದೆ. ನಿಷೇಧದಲ್ಲಿ ಕಳೆದ ಕಾಲವನ್ನು ಈ ಮೂರು ವರ್ಷದಲ್ಲಿ ಎಣಿಸಕೂಡದು. ಇಲ್ಲದಿದ್ದರೆ ಶಿಕ್ಷೆಯೇ ಕಾಯುವ ಕೋಣೆಯಾಗಿಬಿಡುತ್ತದೆ.

ದೇಶ ಬದಲಾಗುವ ಹೊತ್ತಿನಲ್ಲೇ ಇನ್ನೊಂದು ಅಪಾಯವಿದೆ. ಪರೀಕ್ಷಾ ಪಟ್ಟಿಯಲ್ಲಿರುವವರು ಪ್ರತಿದಿನ ಬೆಳಿಗ್ಗೆ 5ರಿಂದ ರಾತ್ರಿ 11ರ ನಡುವೆ 60 ನಿಮಿಷ ಎಲ್ಲಿರುತ್ತೇವೆ ಎಂದು ಮುಂಚಿತವಾಗಿ ತಿಳಿಸಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ ಅದೇ ಉಲ್ಲಂಘನೆ. ಹಳೆಯ ದೇಶದ ಸಂಸ್ಥೆ 'ಇನ್ನು ನಮ್ಮವರಲ್ಲ' ಎಂದು ಕೈಬಿಟ್ಟು, ಹೊಸ ದೇಶದ ಸಂಸ್ಥೆ ಇನ್ನೂ ಪಟ್ಟಿಗೆ ಸೇರಿಸದಿದ್ದರೆ ಆ ಸಂದಿನಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ. ಪಟ್ಟಿಯ ಹಸ್ತಾಂತರ ಲಿಖಿತವಾಗಿ, ಒಂದೇ ದಿನಾಂಕಕ್ಕೆ ಆಗಬೇಕು. ತರಬೇತುದಾರನನ್ನೂ ನೋಡಬೇಕು. ನಿಷೇಧದಲ್ಲಿರುವ ತರಬೇತುದಾರ ಅಥವಾ ವೈದ್ಯನ ಜೊತೆ ಕೆಲಸ ಮಾಡುವುದೂ ಸಂಹಿತೆಯ ಉಲ್ಲಂಘನೆಯೇ.

ಹಳೆಯ ನಿಷೇಧ ಇಲ್ಲದವರನ್ನು ತಂದರೆ ಎಲ್ಲ ಸರಿ ಎಂದೂ ಅಲ್ಲ. ಮೊರಾಕೊದಲ್ಲಿ ಹುಟ್ಟಿದ ರಶೀದ್ ರಮ್ಜಿ ಬಹ್ರೇನ್ ಪರ 2008ರಲ್ಲಿ 1500 ಮೀಟರ್ ಚಿನ್ನ ಗೆದ್ದು, ಮದ್ದು ಪತ್ತೆಯಾಗಿ ಕಳೆದುಕೊಂಡರು. ಕೀನ್ಯಾದಲ್ಲಿ ಹುಟ್ಟಿ ಬಹ್ರೇನ್ ಪರ 2016ರಲ್ಲಿ ಸ್ಟೀಪಲ್‌ಚೇಸ್ ಚಿನ್ನ ಗೆದ್ದ ರೂತ್ ಜೆಬೆಟ್ ಆಮೇಲೆ ಇಪಿಒಗೆ ಸಿಕ್ಕಿ ನಾಲ್ಕು ವರ್ಷ ನಿಷೇಧಕ್ಕೆ ಒಳಗಾದರು. ಇಬ್ಬರೂ ಸಿಕ್ಕಿಬಿದ್ದದ್ದು ದೇಶ ಬದಲಾದ ಮೇಲೆ. ಪದಕ ತರಲೆಂದೇ ಕರೆತಂದವರ ಮೇಲಿನ ಒತ್ತಡ ಎಷ್ಟಿರುತ್ತದೆ ಎಂದು ಊಹಿಸಿ. ಒಮ್ಮೆ ಜಾರಿದವರನ್ನು ಅದೇ ಒತ್ತಡಕ್ಕೆ ನೂಕುವುದು ಅವರಿಗೂ ಹಿತವಲ್ಲ.

ಕೊನೆಯದಾಗಿ ಸ್ಥಾನದ ಲೆಕ್ಕ. ಒಲಿಂಪಿಕ್ ಮ್ಯಾರಥಾನ್‌ನಲ್ಲಿ ಒಂದು ದೇಶಕ್ಕೆ ಹೆಚ್ಚೆಂದರೆ ಮೂರು ಸ್ಥಾನ. ಹೊರಗಿನಿಂದ ಒಬ್ಬರು ಬಂದರೆ, ಮದ್ದು ಮುಟ್ಟದೆ ವರ್ಷಗಟ್ಟಲೆ ಓಡಿದ ನಾಲ್ಕನೆಯವರು ಮನೆಯಲ್ಲಿ ಉಳಿಯಬೇಕಾಗಬಹುದು. ಅವರ ಮುಖ ನೋಡಿ ಹೇಳಲಾಗದ ನಿರ್ಧಾರವನ್ನು ಯಾವ ಒಕ್ಕೂಟವೂ ತೆಗೆದುಕೊಳ್ಳಬಾರದು. ಆದ್ದರಿಂದ ಪೌರತ್ವ ಯಾವ ದಾರಿಯಲ್ಲೇ ಬಂದಿರಲಿ, ಹಳೆಯ ನಿಷೇಧ ಇದ್ದವರಿಗೆ ನೇರ ಆಯ್ಕೆ ಬೇಡ. ಎಲ್ಲರ ಜೊತೆ ಒಂದೇ ಆಯ್ಕೆ ಓಟದಲ್ಲಿ ಓಡಲಿ. ಅದಕ್ಕೂ ಮುಂಚೆ ಕನಿಷ್ಠ 12 ತಿಂಗಳು, ಮುನ್ಸೂಚನೆಯಿಲ್ಲದೆ, ರಕ್ತ ಮತ್ತು ಮೂತ್ರ ಎರಡರ ಪರೀಕ್ಷೆಯೂ ನಡೆದಿರಲಿ.