ಸೋಯಾ ಸ್ಟೆರಾಲ್‌ನಿಂದ ಸ್ಟೀರಾಯ್ಡ್ ಔಷಧ: ಬ್ಯಾಕ್ಟೀರಿಯಾ ಮಾಡುವ ಕೆಲಸ ಯಾವುದು?

ಪ್ರಶ್ನೆ: ನಾನು ಬಿ.ಫಾರ್ಮಾ ಓದುತ್ತಿದ್ದೇನೆ. ಸೋಯಾ ಎಣ್ಣೆ ಶುದ್ಧ ಮಾಡುವಾಗ ಉಳಿಯುವ ಪದಾರ್ಥದಿಂದ ಸ್ಟೀರಾಯ್ಡ್ ಔಷಧಗಳನ್ನು ತಯಾರಿಸುತ್ತಾರೆ, ಅದಕ್ಕೆ ಬ್ಯಾಕ್ಟೀರಿಯಾ ಬಳಸುತ್ತಾರೆ ಅಂತ ಓದಿದೆ. ಬ್ಯಾಕ್ಟೀರಿಯಾಗೆ ಸ್ಟೀರಾಯ್ಡ್ ಯಾಕೆ ಬೇಕು? ಬರೀ ಕೆಮಿಸ್ಟ್ರಿಯಿಂದ ಆಗುವುದಿಲ್ವಾ?

ಉತ್ತರ: ಬ್ಯಾಕ್ಟೀರಿಯಾಗೆ ನಮ್ಮ ಔಷಧದ ಗೊಡವೆ ಇಲ್ಲ. ಅದಕ್ಕೆ ಬೇಕಿರುವುದು ಊಟ. ಗಿಡಮರ ಕೊಳೆತಾಗ ಅವುಗಳ ಸ್ಟೆರಾಲ್ ಮಣ್ಣು ಸೇರುತ್ತದೆ. ಈ ಮೇಣದಂಥ ಪದಾರ್ಥವನ್ನು ಅರಗಿಸಿಕೊಳ್ಳುವ ಶಕ್ತಿ ಮೈಕೋಬ್ಯಾಕ್ಟೀರಿಯಾ, ರೋಡೋಕಾಕಸ್ ಥರದ ಕೆಲವು ಜೀವಿಗಳಿಗೆ ಇದೆ. ಸುಮ್ನೆ ಬಿಟ್ಟರೆ ಅವು ಪೂರ್ತಿ ತಿಂದು ಮುಗಿಸುತ್ತವೆ, ನಮಗೆ ಏನೂ ಉಳಿಯುವುದಿಲ್ಲ. ಆ ಊಟವನ್ನು ಸರಿಯಾದ ಹಂತದಲ್ಲಿ ನಿಲ್ಲಿಸುವುದೇ ಇಲ್ಲಿನ ಇಡೀ ವಿದ್ಯೆ.

ಸೋಯಾದಲ್ಲಿ ಜಾಸ್ತಿ ಇರುವ ಬೀಟಾ-ಸಿಟೋಸ್ಟೆರಾಲ್ ತೆಗೆದುಕೊಳ್ಳಿ. ಅದರಲ್ಲಿ 29 ಇಂಗಾಲದ ಪರಮಾಣುಗಳಿವೆ. ನಾಲ್ಕು ಉಂಗುರ ಒಂದಕ್ಕೊಂದು ಅಂಟಿಕೊಂಡಿವೆ, ಒಂದು ತುದಿಯಲ್ಲಿ 10 ಇಂಗಾಲದ ಬಾಲ ಇದೆ. ಸ್ಟೀರಾಯ್ಡ್ ಔಷಧಗಳಲ್ಲೂ ಇರುವುದು ಇಂಥದ್ದೇ ನಾಲ್ಕು ಉಂಗುರ. ಹಾಗಾಗಿ ನಮಗೆ ಉಂಗುರಗಳು ಬೇಕು, ಬಾಲ ಬೇಡ. ಕೆಮಿಸ್ಟ್ರಿ ಸೋಲುವುದು ಇಲ್ಲೇ. ಸೋಯಾದಲ್ಲೇ ಸಿಗುವ ಸ್ಟಿಗ್ಮಾಸ್ಟೆರಾಲ್‌ನ ಬಾಲದಲ್ಲಿ ಒಂದು ಡಬಲ್ ಬಾಂಡ್ ಇದೆ, ಅಲ್ಲಿ ಓಝೋನ್‌ನಿಂದ ಕತ್ತರಿಸಬಹುದು. ಸಿಟೋಸ್ಟೆರಾಲ್‌ನ ಬಾಲದಲ್ಲಿ ಅಂಥ ಜಾಗವೇ ಇಲ್ಲ. ಹಾಗಾಗಿ ಒಂದು ಕಾಲದಲ್ಲಿ ಕಂಪನಿಗಳು ಸ್ಟಿಗ್ಮಾಸ್ಟೆರಾಲ್ ಬಳಸಿಕೊಂಡು ಸಿಟೋಸ್ಟೆರಾಲ್ ಅನ್ನು ಪಕ್ಕಕ್ಕೆ ಹಾಕುತ್ತಿದ್ದವು. ಆಗ ಇನ್ನೊಂದು ದೊಡ್ಡ ಮೂಲ ಮೆಕ್ಸಿಕೋದ ಕಾಡುಗೆಣಸು. ಅದರಲ್ಲಿರುವ ಡಯೋಸ್ಜೆನಿನ್ ಎಂಬ ಪದಾರ್ಥದಿಂದ ಪ್ರೊಜೆಸ್ಟೆರಾನ್ ಹಾರ್ಮೋನ್ ತೆಗೆಯುವ ದಾರಿಯನ್ನು 1940ರ ದಶಕದಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ರಸೆಲ್ ಮಾರ್ಕರ್ ತೋರಿಸಿದ್ದರು. 1975ರಲ್ಲಿ ಮೆಕ್ಸಿಕೋ ಸರ್ಕಾರ ಆ ಗೆಣಸಿನ ವ್ಯಾಪಾರವನ್ನು ತನ್ನ ಕೈಗೆ ತೆಗೆದುಕೊಂಡ ಮೇಲೆ ಬೇರೆ ಕಚ್ಚಾವಸ್ತುವಿನ ಹುಡುಕಾಟ ಜೋರಾಯಿತು.

ಬ್ಯಾಕ್ಟೀರಿಯಾ ಈ ಬಾಲವನ್ನು ಕೊಬ್ಬಿನಾಮ್ಲ ಕರಗಿಸುವ ರೀತಿಯಲ್ಲೇ ತುಂಡುತುಂಡಾಗಿ ಕತ್ತರಿಸುತ್ತದೆ. ಕೊನೆಗೆ ಉಳಿಯುವುದು 19 ಇಂಗಾಲದ ಆಂಡ್ರೋಸ್ಟೀನ್‌ಡಯೋನ್, ನಾವೆಲ್ಲ ಕರೆಯುವುದು ಎಡಿ ಅಂತ. ಆದರೆ ಬ್ಯಾಕ್ಟೀರಿಯಾ ಅಲ್ಲಿಗೆ ನಿಲ್ಲುವುದಿಲ್ಲ, ಉಂಗುರಕ್ಕೂ ಕೈ ಹಾಕುತ್ತದೆ. ಅದಕ್ಕೆ ಎರಡು ಕಿಣ್ವ ಬೇಕು. ಒಂದು ಮೊದಲ ಉಂಗುರದಲ್ಲಿ ಡಬಲ್ ಬಾಂಡ್ ಮಾಡುತ್ತದೆ, ಇನ್ನೊಂದು 9ನೇ ಇಂಗಾಲಕ್ಕೆ ಹೈಡ್ರಾಕ್ಸಿಲ್ ಸೇರಿಸುತ್ತದೆ. ಎರಡೂ ಒಂದೇ ಅಣುವಿನ ಮೇಲೆ ನಡೆದರೆ ಎರಡನೇ ಉಂಗುರ ತಾನಾಗಿಯೇ ಒಡೆದುಹೋಗುತ್ತದೆ, ಅಲ್ಲಿಗೆ ಮಾಲು ಹಾಳು. ಈಗ ನೋಡಿ. 9ರ ಕಿಣ್ವದ ಜೀನ್ ಕೆಡಿಸಿದರೆ ಎಡಿಡಿ, ಅಂದರೆ ಮೊದಲ ಉಂಗುರದಲ್ಲಿ ಇನ್ನೊಂದು ಡಬಲ್ ಬಾಂಡ್ ಇರುವ ಎಡಿ, ಶೇಖರವಾಗುತ್ತದೆ. ಡಬಲ್ ಬಾಂಡ್ ಮಾಡುವ ಕಿಣ್ವ ಕೆಡಿಸಿದರೆ 9-ಹೈಡ್ರಾಕ್ಸಿ ಎಡಿ ಸಿಗುತ್ತದೆ. ಎರಡನ್ನೂ ಕೆಡಿಸಿದರೆ ಎಡಿ. ಒಂದೇ ಜೀವಿ, ಒಂದೇ ಊಟ, ಆದರೂ ಮೂರು ಬೇರೆ ಬೇರೆ ಕಚ್ಚಾವಸ್ತು! ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾಗುವ ಭಾಗ ಇದು. ಈ ಜೀನ್‌ಗಳ ಪರಿಚಯವೇ ಇಲ್ಲದ ಕಾಲದಲ್ಲಿ, 1972ರಲ್ಲಿ, ಅಮೆರಿಕದ ಸರ್ಲ್ ಔಷಧ ಕಂಪನಿಯ ಸಂಶೋಧಕರು ಅರ್ಧಕ್ಕೆ ನಿಲ್ಲುವ ಮ್ಯುಟೆಂಟ್‌ಗಳನ್ನು (ಜೀನ್ ಬದಲಾದ ತಳಿಗಳನ್ನು) ಹುಡುಕಿ ತೆಗೆದು ವರದಿ ಮಾಡಿದ್ದರು ಅನ್ನುವುದನ್ನು ನೆನೆದರೆ ಗೌರವ ಇನ್ನೂ ಹೆಚ್ಚುತ್ತದೆ.

ನೀವು ಲ್ಯಾಬ್‌ನಲ್ಲಿ ಇದನ್ನು ಮಾಡಿದರೆ ಮೊದಲು ಕಾಡುವುದು ಜೀನ್ ಅಲ್ಲ, ನೀರು. ಸ್ಟೆರಾಲ್ ಪುಡಿ ನೀರಿನಲ್ಲಿ ಕರಗುವುದೇ ಇಲ್ಲ. ಮೇಲೆ ತೇಲುತ್ತದೆ, ಫ್ಲಾಸ್ಕಿನ ಗೋಡೆಗೆ ಬಿಳಿ ಪಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅದಕ್ಕೇ ಪುಡಿಯನ್ನು ತೀರಾ ನುಣ್ಣಗೆ ಮಾಡುತ್ತಾರೆ, ಸೋಪಿನಂತೆ ಕೆಲಸ ಮಾಡುವ ಟ್ವೀನ್ 80 ಬೆರೆಸುತ್ತಾರೆ, ಎಣ್ಣೆಯಲ್ಲಿ ಕರಗಿಸಿ ಹಾಕುತ್ತಾರೆ ಅಥವಾ ಸ್ಟೆರಾಲ್ ಅನ್ನು ಒಳಗೆ ಹಿಡಿದುಕೊಳ್ಳುವ, ಸಕ್ಕರೆಯಿಂದಾದ ಸೈಕ್ಲೋಡೆಕ್ಸ್‌ಟ್ರಿನ್ ಬಳಸುತ್ತಾರೆ. 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಾಳಿ ಕೊಡುತ್ತಾ ದಿನಗಟ್ಟಲೆ ನಡೆಸಬೇಕು. ಕೆಲಸ ಸಾಗುತ್ತಿದೆಯಾ ಅಂತ ನೋಡುವುದಕ್ಕೆ ಟಿಎಲ್‌ಸಿ ಪ್ಲೇಟ್ (ಮಿಶ್ರಣದ ಪದಾರ್ಥಗಳನ್ನು ಬೇರೆ ಬೇರೆ ಚುಕ್ಕೆಗಳಾಗಿ ತೋರಿಸುವ ತೆಳುಪದರದ ಹಲಗೆ) ಸಾಕು. ಸಿಟೋಸ್ಟೆರಾಲ್ 254 ನ್ಯಾನೋಮೀಟರ್ ಯುವಿ ಬೆಳಕಿನಲ್ಲಿ ಕಾಣುವುದಿಲ್ಲ, ಎಡಿ ಮಾತ್ರ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಏನೂ ಇಲ್ಲದ ಜಾಗದಲ್ಲಿ ದಿನದಿಂದ ದಿನಕ್ಕೆ ಚುಕ್ಕೆ ದಟ್ಟವಾಗುತ್ತಾ ಹೋಗುತ್ತದೆ. ಒಂದು ಎಚ್ಚರಿಕೆ: ಎಡಿ, ಎಡಿಡಿ ಚುಕ್ಕೆಗಳು ತೀರಾ ಹತ್ತಿರ ಕೂರುತ್ತವೆ. ಎರಡೂ ಬೆರೆತರೆ ಕಾರ್ಖಾನೆಯಲ್ಲಿ ಬೇರ್ಪಡಿಸುವುದೂ ಕಷ್ಟದ, ಖರ್ಚಿನ ಕೆಲಸ. ಆದ್ದರಿಂದ ಒಂದೇ ಪದಾರ್ಥ ಕೊಡುವ ತಳಿಗೆ ಇಷ್ಟು ಬೆಲೆ.

ಅಂದಹಾಗೆ, ಈ ಬ್ಯಾಕ್ಟೀರಿಯಾ ಸಿದ್ಧ ಔಷಧವನ್ನೇನೂ ಕೊಡುವುದಿಲ್ಲ. ಎಡಿಯಿಂದ ಟೆಸ್ಟೋಸ್ಟೆರಾನ್, ಸ್ಪೈರೊನೊಲ್ಯಾಕ್ಟೋನ್ ಕಡೆ ಹೋಗಬಹುದು, ಎಡಿಡಿಯಿಂದ ಈಸ್ಟ್ರೋನ್ ಕಡೆ, 9-ಹೈಡ್ರಾಕ್ಸಿ ಎಡಿಯಿಂದ ಹೈಡ್ರೊಕಾರ್ಟಿಸೋನ್, ಡೆಕ್ಸಾಮೆಥಾಸೋನ್ ಕಡೆ. ಅಲ್ಲಿಂದ ಮುಂದೆ ಕೆಮಿಸ್ಟ್ರಿಯದೇ ದೊಡ್ಡ ಪಾತ್ರ, ನಡುನಡುವೆ ಮತ್ತೆ ಸೂಕ್ಷ್ಮಜೀವಿಗಳು ಬರುತ್ತವೆ. ಹೈಡ್ರೊಕಾರ್ಟಿಸೋನ್ ಅನ್ನು ಪ್ರೆಡ್ನಿಸೊಲೋನ್ ಮಾಡಲು ಒಂದು ಡಬಲ್ ಬಾಂಡ್ ಸಾಕು, ಅದನ್ನು ಆರ್ತ್ರೋಬ್ಯಾಕ್ಟರ್ ಸಿಂಪ್ಲೆಕ್ಸ್ ಎಂಬ ಬ್ಯಾಕ್ಟೀರಿಯಾ ಮಾಡಿಕೊಡುತ್ತದೆ.

ಪ್ರಶ್ನೆ: ಮೈಕೋಬ್ಯಾಕ್ಟೀರಿಯಾ ಅಂದರೆ ಟಿಬಿ ಕುಲದ್ದು ಅಲ್ವಾ? ಅಂಥದ್ದರಿಂದ ಮಾಡಿದ ಮಾತ್ರೆ ತಿನ್ನುವುದು ಸರಿಯಾ?

ಉತ್ತರ: ನಿಮ್ಮ ಆತಂಕ ಸಹಜ. ಕುಲ ಹತ್ತಿರದ್ದೇ, ಜೀವಿ ಬೇರೆ. ಕಾರ್ಖಾನೆಗಳಲ್ಲಿ ಹೆಚ್ಚಾಗಿ ಬಳಸುವುದು ಮೈಕೋಬ್ಯಾಕ್ಟೀರಿಯಂ ನಿಯೊಆರಮ್ ಥರದ, ಬೇಗ ಬೆಳೆಯುವ ಜಾತಿಗಳನ್ನು. ಅವು ಟಿಬಿ ತರುವುದಿಲ್ಲ. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಲ್ಲಿ ಅಪರೂಪಕ್ಕೆ ಸೋಂಕು ಮಾಡಿದ ಉದಾಹರಣೆಗಳಿವೆ, ಹಾಗಾಗಿ ಲ್ಯಾಬ್‌ನಲ್ಲಿ ಕೆಲಸ ಮಾಡುವವರು ಎಚ್ಚರದಿಂದಲೇ ಇರಬೇಕು. ಮಾತ್ರೆ ತಿನ್ನುವವರಿಗೆ ಆ ಚಿಂತೆ ಬೇಡ. ಎಡಿಯನ್ನು ದ್ರಾವಕದಿಂದ ಬೇರೆ ಮಾಡಿ, ಹರಳಾಗಿಸಿ, ಮುಂದೆ ಎಷ್ಟೋ ರಾಸಾಯನಿಕ ಹಂತ ದಾಟಿಸುತ್ತಾರೆ. ಜೀವಂತ ಕೋಶ ಅಲ್ಲಿ ಉಳಿಯುವುದಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಟಿಬಿ ಬ್ಯಾಕ್ಟೀರಿಯಾ ನಮ್ಮ ದೇಹದೊಳಗೆ ಕೂತು ನಮ್ಮದೇ ಕೊಲೆಸ್ಟರಾಲ್ ತಿನ್ನಲು ಬಳಸುವುದೂ ಇದೇ ಬಗೆಯ ಕಿಣ್ವಗಳನ್ನು. ಆದ್ದರಿಂದ ಸ್ಟೆರಾಲ್ ಜೀರ್ಣವಾಗುವ ದಾರಿಯ ತಿಳಿವಳಿಕೆ ಟಿಬಿಗೆ ಹೊಸ ಮದ್ದು ಹುಡುಕುವವರಿಗೂ ನೇರವಾಗಿ ಉಪಯೋಗಕ್ಕೆ ಬರುತ್ತಿದೆ.

ಪ್ರಶ್ನೆ: ಕೊಲೆಸ್ಟರಾಲ್‌ಗೆ ಅಂತ ಪ್ಲಾಂಟ್ ಸ್ಟೆರಾಲ್ ತಗೊಳ್ತೀನಿ. ಅದು ಹೊಟ್ಟೆಯಲ್ಲಿ ಸ್ಟೀರಾಯ್ಡ್ ಆಗಿಬಿಡುತ್ತಾ? ಮತ್ತೆ, ಗಿಡದಿಂದ ಬಂದ ಸ್ಟೀರಾಯ್ಡ್ ಮಾತ್ರೆಗೆ ಸೈಡ್ ಎಫೆಕ್ಟ್ ಕಡಿಮೆಯಾ?

ಉತ್ತರ: ಮೊದಲನೆಯದಕ್ಕೆ, ಇಲ್ಲ. ತಿಂದ ಪ್ಲಾಂಟ್ ಸ್ಟೆರಾಲ್‌ನಲ್ಲಿ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಸೇರಿದ್ದನ್ನೂ ಲಿವರ್ ಪಿತ್ತದ ಮೂಲಕ ಹೊರಗೆ ಕಳಿಸುತ್ತದೆ. ಕರುಳಿನಲ್ಲಿ ಕೊಲೆಸ್ಟರಾಲ್ ಹೀರಿಕೊಳ್ಳುವುದಕ್ಕೆ ಅಡ್ಡ ಬರುವುದಷ್ಟೇ ಅದರ ಕೆಲಸ.

ಎರಡನೆಯದಕ್ಕೂ ಇಲ್ಲ. ಪ್ರೆಡ್ನಿಸೊಲೋನ್ ಸೋಯಾದಿಂದ ಬಂದರೂ, ಗೆಣಸಿನಿಂದ ಬಂದರೂ ಅಣು ಒಂದೇ. ಸಕ್ಕರೆ ಏರುವುದು, ಮೂಳೆ ಸವೆಯುವುದು ಎಲ್ಲ ಅದೇ. ತುಂಬಾ ದಿನದಿಂದ ತಗೊಳ್ಳುತ್ತಿದ್ದರೆ ನೀವಾಗಿಯೇ ದಿಢೀರ್ ಅಂತ ನಿಲ್ಲಿಸಬೇಡಿ. ಅಷ್ಟರಲ್ಲಿ ಅಡ್ರಿನಲ್ ಗ್ರಂಥಿ ದೇಹದ ಸ್ವಂತ ಸ್ಟೀರಾಯ್ಡ್ ಆದ ಕಾರ್ಟಿಸೋಲ್ ಮಾಡುವುದನ್ನು ಕಡಿಮೆ ಮಾಡಿರುತ್ತದೆ. ಡೋಸ್ ಹೇಗೆ ಇಳಿಸಬೇಕು ಅಂತ ಡಾಕ್ಟರ್ ಹತ್ತಿರ ಕೇಳಿ.