ಸ್ಕಾಲರ್‌ಶಿಪ್ ಮಂಜೂರು, ಪಾಸ್‌ಬುಕ್ ಖಾಲಿ

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆಯ ಕಾಫಿ ತೋಟದ ಲೈನ್‌ಮನೆ, ಪರಿಶಿಷ್ಟ ಜಾತಿ. ಮಗಳು ಚಿಕ್ಕಮಗಳೂರಿನಲ್ಲಿ ಬಿ.ಕಾಂ. ಓದುತ್ತಿದ್ದಾಳೆ. ಎಸ್‌ಎಸ್‌ಪಿಯಲ್ಲಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಸ್ಕಾಲರ್‌ಶಿಪ್ ಮಂಜೂರಾಗಿದೆ ಎಂದಿದೆ, ಹಣ ಬಂದಿಲ್ಲ. ಆಧಾರ್ ಲಿಂಕ್ ಆಗಿದೆ ಎನ್ನುತ್ತಾರೆ ಬ್ಯಾಂಕಿನವರು.

ಉತ್ತರ: ಬ್ಯಾಂಕಿನವರು ಹೇಳಿದ್ದು ಸುಳ್ಳಲ್ಲ, ಅರ್ಧ ಸತ್ಯ. ಖಾತೆಗೆ ಆಧಾರ್ ಜೋಡಿಸುವುದು ಬೇರೆ, ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ಸೀಡಿಂಗ್ ಆಗುವುದು, ಅಂದರೆ ಸರ್ಕಾರದ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ದಾಖಲಾಗುವುದು, ಬೇರೆ. ಲಿಂಕ್ ಎಷ್ಟು ಖಾತೆಗಾದರೂ ಇರಬಹುದು, ಸೀಡಿಂಗ್ ಮಾತ್ರ ಒಂದು ಬ್ಯಾಂಕಿಗೇ. ಕೊನೆಗೆ ಎಲ್ಲಿ ಸೀಡ್ ಆಯಿತೋ ಸರ್ಕಾರದ ಹಣ ಅಲ್ಲಿಗೇ. ಸಿಮ್ ಅಂಗಡಿಯಲ್ಲಿ ಬೆರಳೊತ್ತಿ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಯ ನೆನಪೇ ಅನೇಕರಿಗೆ ಇರುವುದಿಲ್ಲ!

ಆಧಾರ್ ವೆಬ್‌ಸೈಟಿನಲ್ಲಿ ಮಗಳ ನಂಬರ್ ಹಾಕಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ನೋಡಿ. ಬ್ಯಾಂಕಿನ ಹೆಸರು, ಸೀಡಿಂಗ್ ಸಕ್ರಿಯವೋ ಅಲ್ಲವೋ ಎಂಬುದು ಕಾಣುತ್ತದೆ. ಓಟಿಪಿ ಹಳೆಯ ಸಿಮ್‌ಗೆ ಹೋಗುತ್ತಿದ್ದರೆ ಮೊದಲು ಆಧಾರ್ ಕೇಂದ್ರದಲ್ಲಿ ಮೊಬೈಲ್ ನಂಬರ್ ಬದಲಿಸಬೇಕು. ಬೆರಳಚ್ಚು ಬೇಕಾದ್ದರಿಂದ ಮಗಳೇ ಹೋಗಬೇಕು, ಅಪ್ಪ ಹೋದರೆ ಒಂದು ದಿನದ ಕೂಲಿ ದಂಡ. ಬೇರೆ ಬ್ಯಾಂಕಿನ ಹೆಸರು ಬಂದರೆ ಆ ಖಾತೆಯಲ್ಲಿ ಹಣ ಇದೆಯೇ ನೋಡಿ. ಸೀಡಿಂಗ್ ನಿಷ್ಕ್ರಿಯ ಎಂದಿದ್ದರೆ ನಿಮ್ಮ ಶಾಖೆಯಲ್ಲಿ 'ಎನ್‌ಪಿಸಿಐ ಮ್ಯಾಪಿಂಗ್ (ಸೀಡಿಂಗ್) ಮಾಡಿ' ಎಂದೇ ಹೇಳಿ ಒಪ್ಪಿಗೆ ಫಾರ್ಮ್ ಕೊಡಿ. ಬರೀ 'ಲಿಂಕ್ ಮಾಡಿ' ಎಂದರೆ ಮತ್ತೆ ಅದೇ ಕಥೆ. ಕೆಲವು ದಿನ ಬಿಟ್ಟು ಸ್ಟೇಟಸ್ ಇನ್ನೊಮ್ಮೆ ನೋಡಿ. ಸಕ್ರಿಯವಾದ ಮೇಲೆ ಎಸ್‌ಎಸ್‌ಪಿ ಅರ್ಜಿ ಸಂಖ್ಯೆ ಬರೆದು, ಹಣ ಮತ್ತೊಮ್ಮೆ ಕಳಿಸುವಂತೆ ತಾಲ್ಲೂಕು ಸಮಾಜ ಕಲ್ಯಾಣ ಕಚೇರಿಗೆ ಮನವಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ.

ಇನ್ನೊಂದು ಮಾತು: 2021ರಿಂದ ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ರಾಜ್ಯದ ಪಾಲು ಶೇ. 40, ಕೇಂದ್ರದ್ದು ಶೇ. 60. ರಾಜ್ಯದ ಪಾಲು ಮೊದಲು, ಕೇಂದ್ರದ್ದು ಆಮೇಲೆ. ಸ್ವಲ್ಪವೇ ಬಂತೆಂದು ಗಾಬರಿಯಾಗಬೇಡಿ.

ಪ್ರಶ್ನೆ: ನಾವು ಹಿಂದುಳಿದ ವರ್ಗದ 2ಎ, ಊರು ಆಲೂರು. ಮಗನ ಜಾತಿ ಪತ್ರದ ಮೇಲಿರುವ ಹಳೆಯ ಆರ್‌ಡಿ ನಂಬರನ್ನು ಎಸ್‌ಎಸ್‌ಪಿ ಒಪ್ಪುತ್ತಿಲ್ಲ. ಜಾತಿ ಪತ್ರ ಶಾಶ್ವತ ಅಲ್ಲವೇ?

ಉತ್ತರ: ಪರಿಶಿಷ್ಟರಿಗೆ ಮತ್ತು ಪ್ರವರ್ಗ-1ಕ್ಕೆ ಶಾಶ್ವತ. 2ಎಗೆ ಜಾತಿ, ಆದಾಯ ಎರಡೂ ಸೇರಿದ ಪತ್ರ, ಅವಧಿ 5 ವರ್ಷ. ನಾಡಕಚೇರಿಯಲ್ಲಿ ಹೊಸದು ಮಾಡಿಸಿ. ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ಇದ್ದಂತೆಯೇ, ಇನಿಷಿಯಲ್ ಸಮೇತ ಇರಲಿ. ವ್ಯತ್ಯಾಸ ನಾಡಕಚೇರಿ ಪತ್ರದಲ್ಲಿದ್ದರೆ ಅದನ್ನೇ ತಿದ್ದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನಕ್ಕೆ ಎರಡೇ ಅವಕಾಶ.